ಸೇನೆ ತನ್ನ ಜಾಲಕ್ಕೆ ಬೇಲಿ ಹಾಕಿದ ಕಥೆ

1961ರ ನವೆಂಬರ್ 24ರ ಬೆಳಗಿನ ಜಾವ. ಅಮೆರಿಕದ ಅಣ್ವಸ್ತ್ರ ಬಾಂಬರುಗಳು ಸ್ಟ್ರಾಟೆಜಿಕ್ ಏರ್ ಕಮಾಂಡ್‌ನ ಕೈಯಲ್ಲಿದ್ದವು. ನೆಬ್ರಾಸ್ಕದಲ್ಲಿದ್ದ ಅದರ ಕೇಂದ್ರ ಕಚೇರಿಗೆ ಗ್ರೀನ್‌ಲ್ಯಾಂಡಿನ ಥೂಲೆ ನೆಲೆಯ ಸಂಪರ್ಕ ಇದ್ದಕ್ಕಿದ್ದಂತೆ ಕಡಿದುಹೋಯಿತು. ಸೋವಿಯತ್ ಕ್ಷಿಪಣಿಗಳು ಉತ್ತರ ಧ್ರುವದ ಮೇಲಿಂದ ಹಾರಿ ಬಂದರೆ ಮೊದಲು ಕಾಣಬೇಕಾದದ್ದು ಥೂಲೆಯ ರಾಡಾರಿಗೆ. ಕೊಲೊರಾಡೊದ ವಾಯುರಕ್ಷಣಾ ಕೇಂದ್ರವನ್ನು ವಿಚಾರಿಸೋಣವೆಂದು ಫೋನ್ ಎತ್ತಿದರೆ ಆ ಲೈನೂ ಸತ್ತಿತ್ತು. ಎರಡೂ ಒಟ್ಟಿಗೆ ಮೂಕವಾಗಿವೆ ಎಂದರೆ ದಾಳಿ ಶುರುವಾಗಿದೆ ಎಂದೇ ಅರ್ಥ ಎಂದು ಅಲ್ಲಿದ್ದವರು ಭಾವಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಬಾಂಬರುಗಳ ಸಿಬ್ಬಂದಿಗೆ ಸನ್ನದ್ಧರಾಗುವಂತೆ ಆದೇಶ ಹೋಯಿತು. ಥೂಲೆಯ ಬಳಿ ಹಾರುತ್ತಿದ್ದ ಬಿ-52 ವಿಮಾನವೊಂದು ರೇಡಿಯೊದಲ್ಲಿ ಮಾತಾಡಿಸಿ, ನೆಲೆಗೆ ಏನೂ ಆಗಿಲ್ಲವೆಂದು ತಿಳಿಸಿದ ಮೇಲೆ ಎಲ್ಲರೂ ನಿಟ್ಟುಸಿರು ಬಿಟ್ಟರು.

ತನಿಖೆಯಲ್ಲಿ ಹೊರಬಿದ್ದ ಕಾರಣ ತೀರ ಸಣ್ಣದು. ಕೊಲೊರಾಡೊದ ಬ್ಲ್ಯಾಕ್ ಫಾರೆಸ್ಟ್ ಎಂಬಲ್ಲಿ ಟೆಲಿಫೋನ್ ಕಂಪನಿಯ ಮರುಪ್ರಸಾರ ಠಾಣೆಯೊಂದಿತ್ತು. ಅಲ್ಲಿನ ಒಂದು ಮೋಟಾರು ಕಾದು ಕೆಟ್ಟಿತ್ತು. ಒಂದು ಹೋದರೆ ಇನ್ನೊಂದಿರಲಿ ಎಂದು ಸೇನೆ ಬೇರೆ ಬೇರೆ ಲೈನುಗಳನ್ನು ಪಡೆದುಕೊಂಡಿತ್ತಲ್ಲ, ಅವೆಲ್ಲವೂ ಅದೇ ಒಂದು ಠಾಣೆಯನ್ನು ಹಾದು ಹೋಗುತ್ತಿದ್ದವು. ಕಾಗದದ ಮೇಲೆ ದಾರಿಗಳು ಹಲವು, ನೆಲದ ಮೇಲೆ ಒಂದೇ.

ಈ ಅಪಾಯದ ಬಗ್ಗೆಯೇ ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ಒಬ್ಬ ಎಂಜಿನಿಯರ್ ತಲೆ ಕೆಡಿಸಿಕೊಂಡು ಕೂತಿದ್ದ. ಹೆಸರು ಪಾಲ್ ಬಾರನ್. ಆಗ ಪೋಲೆಂಡಿನಲ್ಲಿದ್ದ ಗ್ರೋಡ್ನೊ ಪಟ್ಟಣದಲ್ಲಿ 1926ರಲ್ಲಿ ಹುಟ್ಟಿ, ಎರಡು ವರ್ಷದ ಕೂಸಾಗಿದ್ದಾಗ ತಂದೆತಾಯಿಯ ಜೊತೆ ಅಮೆರಿಕಕ್ಕೆ ಬಂದವನು. ವಾಯುಪಡೆಗಾಗಿ ಅಧ್ಯಯನ ನಡೆಸುತ್ತಿದ್ದ ರ‍್ಯಾಂಡ್ ಸಂಸ್ಥೆಗೆ 1959ರಲ್ಲಿ ಸೇರಿದ್ದ. ಅವನ ಮುಂದಿದ್ದದ್ದು ಒಂದೇ ಪ್ರಶ್ನೆ: ಶತ್ರುವಿನ ಮೊದಲ ಹೊಡೆತದಲ್ಲಿ ಅರ್ಧ ದೇಶ ನೆಲಸಮವಾದರೂ, ಉಳಿದವರು ಪರಸ್ಪರ ಮಾತಾಡುವುದು ಹೇಗೆ? ಮಾತಾಡಲು ಆಗದಿದ್ದರೆ ಪ್ರತಿದಾಳಿ ಮಾತ್ರವಲ್ಲ, ಯುದ್ಧ ನಿಲ್ಲಿಸಿ ಎಂಬ ಆದೇಶವೂ ತಲುಪುವುದಿಲ್ಲ.

ಬಾರನ್ ಕಂಡುಕೊಂಡ ಉತ್ತರದಲ್ಲಿ ಕೇಂದ್ರವೇ ಇರಲಿಲ್ಲ. ಪ್ರತಿಯೊಂದು ತಾಣಕ್ಕೂ ಮೂರು ನಾಲ್ಕು ನೆರೆಯ ತಾಣಗಳ ನಂಟಿರಬೇಕು, ಮೀನಿನ ಬಲೆಯ ಗಂಟುಗಳಂತೆ. ಸಂದೇಶವನ್ನು 1,024 ಬಿಟ್‌ಗಳ ತುಂಡುಗಳಾಗಿ ಕತ್ತರಿಸಬೇಕು. ಒಂದೊಂದು ತುಂಡಿನ ಮೇಲೂ ವಿಳಾಸವಿರಬೇಕು. ಪ್ರತಿ ತಾಣವೂ ಕೈಗೆ ಬಂದ ತುಂಡನ್ನು ಇಟ್ಟುಕೊಳ್ಳದೆ, ಆ ಕ್ಷಣಕ್ಕೆ ತೆರೆದಿರುವ ಉತ್ತಮ ದಾರಿಯತ್ತ ದಾಟಿಸಿಬಿಡಬೇಕು. ಒಂದು ದಾರಿ ಮುಚ್ಚಿದ್ದರೆ ಇನ್ನೊಂದು. ತುಂಡುಗಳು ಹಿಂದೆ ಮುಂದಾಗಿ ಬಂದರೂ ಕೊನೆಯಲ್ಲಿ ಜೋಡಿಸಿಕೊಂಡರಾಯಿತು. 1964ರಲ್ಲಿ ಈ ವಿಚಾರವನ್ನು ಅವನು ಹಲವು ಸಂಪುಟಗಳ ವರದಿಯಾಗಿ ಹೊರತಂದ. ಅದರ ಬಹುಪಾಲನ್ನು ರಹಸ್ಯವಾಗಿಡದೆ ಬಹಿರಂಗವಾಗಿ ಪ್ರಕಟಿಸಲಾಯಿತು. ಶತ್ರುವಿಗೂ ಇದು ತಿಳಿಯಲಿ ಎಂಬುದೇ ಉದ್ದೇಶವಾಗಿತ್ತೆಂದು ಬಾರನ್ ಮುಂದೆ ಹೇಳಿದ್ದಾನೆ. ಸೋವಿಯತ್ ಸೇನೆಯ ಸಂಪರ್ಕವೂ ಮುರಿಯದೆ ಉಳಿದರೆ, ಗಾಬರಿಯಲ್ಲಿ ಗುಂಡಿ ಒತ್ತುವ ಪ್ರಮೇಯ ಎರಡೂ ಕಡೆ ಕಡಿಮೆಯಾಗುತ್ತದೆ ಎಂಬುದು ಅವನ ಲೆಕ್ಕ. ಶೀತಲ ಸಮರದ ನಟ್ಟನಡುವೆ ಕೂತು ಹೀಗೆ ಯೋಚಿಸಿದವನ ಬಗ್ಗೆ ನನಗೆ ಅಪಾರ ಗೌರವವಿದೆ.

ಟೆಲಿಫೋನ್ ವ್ಯವಸ್ಥೆಯನ್ನು ಕೈಯಲ್ಲಿ ಹಿಡಿದಿದ್ದ ಎಟಿ ಅಂಡ್ ಟಿ ಕಂಪನಿಯ ಎಂಜಿನಿಯರುಗಳು ಇದನ್ನು ಒಪ್ಪಲಿಲ್ಲ. ಎರಡು ಫೋನುಗಳ ನಡುವೆ ಒಂದು ತಂತಿಯನ್ನು ಪೂರ್ತಿ ಮೀಸಲಿಡುವುದೇ ಅವರಿಗೆ ಗೊತ್ತಿದ್ದ ವಿದ್ಯೆ. ಮಾತನ್ನು ಚೂರು ಚೂರು ಮಾಡಿ ಬೇರೆ ಬೇರೆ ದಾರಿಗೆ ಬಿಡುವುದು ಅವರಿಗೆ ಹುಚ್ಚಾಟವಾಗಿ ಕಂಡಿತು. ವಾಯುಪಡೆ ಒಪ್ಪಿತು. ಆದರೆ ರಕ್ಷಣಾ ಇಲಾಖೆ ಕೆಲಸವನ್ನು ವಾಯುಪಡೆಗೆ ಕೊಡದೆ ಡಿಫೆನ್ಸ್ ಕಮ್ಯುನಿಕೇಷನ್ಸ್ ಏಜೆನ್ಸಿಗೆ ಒಪ್ಪಿಸಲು ಹೊರಟಿತು. ಡಿಜಿಟಲ್ ತಂತ್ರಜ್ಞಾನದ ಗಂಧವೇ ಇಲ್ಲದವರ ಕೈಯಲ್ಲಿ ಯೋಜನೆ ಕೆಟ್ಟರೆ, ಈ ವಿಚಾರವನ್ನು ಮತ್ತೆ ಯಾರೂ ಮುಟ್ಟುವುದಿಲ್ಲ ಎಂದು ಹೆದರಿದ ಬಾರನ್, ತಾನೇ ಮುಂದೆ ನಿಂತು ಅದನ್ನು ಕೈಬಿಡಿಸಿದ. ಹುಟ್ಟಿಸಿದವನೇ ಕೂಸನ್ನು ಕಾಪಾಡಲು ಅದನ್ನು ಮಲಗಿಸಬೇಕಾಯಿತು.

ಅದನ್ನು ಎಬ್ಬಿಸಿದವರು ಬೇರೆ ಜನ. ಸೋವಿಯತ್ ಒಕ್ಕೂಟ 1957ರಲ್ಲಿ ಸ್ಪುಟ್ನಿಕ್ ಹಾರಿಸಿದಾಗ ಬೆಚ್ಚಿಬಿದ್ದ ಅಮೆರಿಕ, ಮರುವರ್ಷ ಆರ್ಪಾ ಎಂಬ ಸಂಶೋಧನಾ ಸಂಸ್ಥೆಯನ್ನು ರಕ್ಷಣಾ ಇಲಾಖೆಯೊಳಗೆ ಕಟ್ಟಿತ್ತು. 1966ರಲ್ಲಿ ಅಲ್ಲಿ ಕಂಪ್ಯೂಟರ್ ವಿಭಾಗದ ಮುಖ್ಯಸ್ಥನಾಗಿದ್ದ ಬಾಬ್ ಟೇಲರ್‌ನ ಕೋಣೆಯಲ್ಲಿ ಮೂರು ಟರ್ಮಿನಲ್‌ಗಳಿದ್ದವು. ಮೂರೂ ಮೂರು ಊರಿನ ಮೂರು ಕಂಪ್ಯೂಟರುಗಳಿಗೆ ಹೊಂದಿಕೊಂಡವು, ಒಂದರ ಭಾಷೆ ಇನ್ನೊಂದಕ್ಕೆ ತಿಳಿಯದು. ಒಂದೇ ಟರ್ಮಿನಲ್‌ನಿಂದ ಎಲ್ಲವನ್ನೂ ಮುಟ್ಟುವಂತಾಗಬೇಕು ಎಂದು ಟೇಲರ್ ನಿರ್ದೇಶಕ ಚಾರ್ಲ್ಸ್ ಹರ್ಜ್‌ಫೆಲ್ಡ್‌ನ ಬಳಿ ಹೋದ. ಅರ್ಧ ಗಂಟೆಯೂ ಹಿಡಿಯದ ಮಾತುಕತೆಯಲ್ಲಿ, ಕ್ಷಿಪಣಿ ರಕ್ಷಣೆಗೆಂದು ಇಟ್ಟಿದ್ದ ಹಣದಿಂದ ಹತ್ತು ಲಕ್ಷ ಡಾಲರ್ ಮಂಜೂರಾಯಿತು.

ಆ ಹಣದಿಂದ ಕಟ್ಟಿದ ಆರ್ಪಾನೆಟ್ ಎಂಬ ಜಾಲ ಹುಟ್ಟಿದ್ದು ಅಣುಯುದ್ಧಕ್ಕಾಗಿಯೋ, ಕಂಪ್ಯೂಟರುಗಳನ್ನು ಹಂಚಿಕೊಳ್ಳುವುದಕ್ಕಾಗಿಯೋ ಎಂಬ ಜಗಳ ಇನ್ನೂ ಮುಗಿದಿಲ್ಲ. ಟೇಲರ್ ಮತ್ತು ಹರ್ಜ್‌ಫೆಲ್ಡ್ ಇಬ್ಬರೂ ಅಣುಯುದ್ಧದ ಕಥೆಯನ್ನು ಸಾರಾಸಗಟಾಗಿ ತಳ್ಳಿಹಾಕಿದರು. 1970ರ ದಶಕದ ಮೊದಲಲ್ಲಿ ಆರ್ಪಾದ ನಿರ್ದೇಶಕನಾಗಿದ್ದ ಸ್ಟೀಫನ್ ಲುಕಾಸಿಕ್, ಸೇನೆಯ ಆಜ್ಞೆ ಮತ್ತು ನಿಯಂತ್ರಣದ ಅಗತ್ಯವಿಲ್ಲದಿದ್ದರೆ ತಾನು ಚೆಕ್ಕುಗಳಿಗೆ ಸಹಿಯನ್ನೇ ಹಾಕುತ್ತಿರಲಿಲ್ಲ ಎಂಬರ್ಥದಲ್ಲಿ ಬರೆದಿದ್ದಾನೆ. ಇತಿಹಾಸಕಾರ್ತಿ ಜಾನೆಟ್ ಅಬ್ಬಾಟೆ ಈ ಎರಡೂ ಎಳೆಗಳು ಒಂದರೊಳಗೊಂದು ಹೆಣೆದುಕೊಂಡದ್ದನ್ನು ತೋರಿಸಿದ್ದಾಳೆ. ನನಗೆ ಅವಳ ಮಾತೇ ಸರಿಯೆನಿಸುತ್ತದೆ. ಕಟ್ಟಿದವರ ಮನಸ್ಸಿನಲ್ಲಿ ವಿಜ್ಞಾನವಿತ್ತು, ಹಣ ಕೊಟ್ಟವರ ಮನಸ್ಸಿನಲ್ಲಿ ಯುದ್ಧವಿತ್ತು. ಮುಂದೆ ಬಂದ ಬಿಕ್ಕಟ್ಟುಗಳೆಲ್ಲ ಈ ಎರಡು ಮನಸ್ಸುಗಳ ನಡುವೆ ಹುಟ್ಟಿದವು.

ಬಾರನ್‌ನ ವರದಿ ಆರ್ಪಾದವರ ಕೈಗೆ ಬಂದದ್ದು ಸುತ್ತುಬಳಸಿನ ದಾರಿಯಲ್ಲಿ. ಬ್ರಿಟನ್ನಿನ ರಾಷ್ಟ್ರೀಯ ಭೌತ ಪ್ರಯೋಗಾಲಯದಲ್ಲಿ ಡೊನಾಲ್ಡ್ ಡೇವಿಸ್ ಎಂಬಾತ ಇದೇ ವಿಚಾರವನ್ನು ಸ್ವತಂತ್ರವಾಗಿ ಕಂಡುಕೊಂಡಿದ್ದ. ತುಂಡುಗಳಿಗೆ ಪ್ಯಾಕೆಟ್ ಎಂದು ಹೆಸರಿಟ್ಟವನು ಅವನೇ. 1967ರಲ್ಲಿ ಟೆನೆಸಿಯ ಗ್ಯಾಟ್ಲಿನ್‌ಬರ್ಗ್‌ನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ ಡೇವಿಸ್‌ನ ಸಹೋದ್ಯೋಗಿಯೊಬ್ಬ, ಆರ್ಪಾನೆಟ್ ಯೋಜನೆಯ ಹೊಣೆ ಹೊತ್ತಿದ್ದ ಲ್ಯಾರಿ ರಾಬರ್ಟ್ಸ್‌ಗೆ ಬಾರನ್‌ನ ಕೆಲಸದ ಸುಳಿವು ಕೊಟ್ಟ. ಎರಡು ವರ್ಷದ ನಂತರ, 1969ರ ಅಕ್ಟೋಬರ್ 29ರ ರಾತ್ರಿ, ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಗೆ ಮೊದಲ ಸಂದೇಶ ಹೊರಟಿತು. ಲಾಗಿನ್ ಎಂದು ಟೈಪ್ ಮಾಡಲು ಹೊರಟವನು ಎರಡಕ್ಷರ ಮುಗಿಸುವಷ್ಟರಲ್ಲಿ ಆ ಕಡೆಯ ಯಂತ್ರ ಕುಸಿಯಿತು. ಒಂದು ಗಂಟೆಯೊಳಗೆ ಸರಿಯಾಯಿತು. ವರ್ಷ ಮುಗಿಯುವ ಹೊತ್ತಿಗೆ ನಾಲ್ಕು ತಾಣಗಳು ಕೂಡಿಕೊಂಡಿದ್ದವು.

ಆದರೆ ಸೇನೆ ಯುದ್ಧ ಮಾಡುವುದು ವಿಶ್ವವಿದ್ಯಾಲಯದ ಕೋಣೆಯಲ್ಲಲ್ಲ. ಟ್ಯಾಂಕು ಚಲಿಸುತ್ತದೆ, ಹಡಗು ಸಮುದ್ರದ ನಡುವೆ ಇರುತ್ತದೆ, ವಿಮಾನಕ್ಕೆ ತಂತಿ ಕಟ್ಟಲಾಗದು. ಆರ್ಪಾಕ್ಕೆ ಸೇರಿದ ಬಾಬ್ ಕಾನ್ ಅದಕ್ಕಾಗಿಯೇ ರೇಡಿಯೊದ ಮೂಲಕ ಪ್ಯಾಕೆಟ್ ಸಾಗಿಸುವ ಒಂದು ಜಾಲವನ್ನೂ, ಉಪಗ್ರಹದ ಮೂಲಕ ಸಾಗಿಸುವ ಇನ್ನೊಂದು ಜಾಲವನ್ನೂ ಬೆಳೆಸಿದ. ಈಗ ಮೂರು ಜಾಲಗಳಾದವು. ಮೂರರ ನಡೆನುಡಿ ಬೇರೆ ಬೇರೆ. ಅವನ್ನು ಒಂದಕ್ಕೊಂದು ಬೆಸೆಯುವುದು ಹೇಗೆಂದು ಕಾನ್ ಮತ್ತು ಕಂಪ್ಯೂಟರ್ ವಿಜ್ಞಾನಿ ವಿಂಟ್ ಸರ್ಫ್ 1973ರಲ್ಲಿ ಕೂತು ಯೋಚಿಸಿದರು. 1974ರ ಮೇ ತಿಂಗಳಲ್ಲಿ ಅವರ ಪ್ರಬಂಧ ಅಚ್ಚಾಯಿತು. ಇಂದು ನಮ್ಮ ಮೊಬೈಲ್‌ನಿಂದ ಬ್ಯಾಂಕಿನವರೆಗೆ ಎಲ್ಲವನ್ನೂ ನಡೆಸುವ ಟಿಸಿಪಿ/ಐಪಿ ಪ್ರೋಟೊಕಾಲ್‌ನ, ಅಂದರೆ ಜಾಲಗಳ ನಡುವಿನ ಮಾತಿನ ನಿಯಮಾವಳಿಯ, ಮೊದಲ ರೂಪ ಅದು. ಅದರ ನಿಯಮಗಳು ಸರಳ. ಪ್ರತಿ ಜಾಲವೂ ತನ್ನಷ್ಟಕ್ಕೆ ಸ್ವತಂತ್ರ, ಬೆಸುಗೆಗಾಗಿ ಒಳಗೆ ಏನನ್ನೂ ಬದಲಿಸಬೇಕಿಲ್ಲ. ಪ್ಯಾಕೆಟ್ ಕಳೆದರೆ ಮೂಲದಿಂದ ಮತ್ತೆ ಕಳಿಸಬೇಕು. ಜಾಲಗಳ ನಡುವಿನ ದ್ವಾರಗಳು ಹಾದುಹೋದ ಸಂದೇಶದ ಬಗ್ಗೆ ಏನನ್ನೂ ನೆನಪಿಟ್ಟುಕೊಳ್ಳುವುದಿಲ್ಲ. ಮೇಲೆ ಕೂತು ಆಳುವವರು ಯಾರೂ ಇಲ್ಲ.

1976ರ ಆಗಸ್ಟ್ 27ರಂದು ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯ ಒಂದು ವ್ಯಾನು, ಪೋರ್ಟೊಲಾ ವ್ಯಾಲಿಯ ಬೆಟ್ಟದ ತಪ್ಪಲಲ್ಲಿದ್ದ ರೊಸ್ಸಾಟಿಸ್ ಎಂಬ ಬಿಯರ್ ಅಂಗಡಿಯ ಅಂಗಳಕ್ಕೆ ಬಂದು ನಿಂತಿತು. ವ್ಯಾನಿನೊಳಗೆ ರೇಡಿಯೊ ಉಪಕರಣ. ಅದರಿಂದ ಕೇಬಲ್ ಎಳೆದು ಹೊರಗಿನ ಮರದ ಮೇಜಿನ ಮೇಲೆ ಟರ್ಮಿನಲ್ ಇಟ್ಟರು. ಸಂಶೋಧಕರು ಅಲ್ಲೇ ಕೂತು ತಮ್ಮ ವಾರದ ವರದಿಯನ್ನು ಟೈಪ್ ಮಾಡಿದರು. ಅದು ಮೊದಲು ರೇಡಿಯೊ ಜಾಲದಲ್ಲಿ, ಆಮೇಲೆ ಆರ್ಪಾನೆಟ್‌ನಲ್ಲಿ ಸಾಗಿ ತಲುಪಿತು. ಎರಡು ಬೇರೆ ಜಾತಿಯ ಜಾಲಗಳನ್ನು ದಾಟಿ ಒಂದು ಸಂದೇಶ ಹೋಗಬಲ್ಲದು ಎಂಬುದು ಖಾತ್ರಿಯಾಯಿತು.

ಮರುವರ್ಷದ ನವೆಂಬರ್ 22ರಂದು ನಡೆದದ್ದು ಇನ್ನೂ ದೊಡ್ಡ ಪರೀಕ್ಷೆ. ಅದೇ ವ್ಯಾನು ಸ್ಯಾನ್ ಫ್ರಾನ್ಸಿಸ್ಕೊ ಪಕ್ಕದ ಹೆದ್ದಾರಿಯಲ್ಲಿ ಓಡುತ್ತಿತ್ತು, ಕದನಭೂಮಿಯಲ್ಲಿ ಚಲಿಸುವ ಸೇನಾ ವಾಹನದ ಸ್ಥಾನದಲ್ಲಿ. ಅದರಿಂದ ಹೊರಟ ಪ್ಯಾಕೆಟ್‌ಗಳು ರೇಡಿಯೊ ಜಾಲ ದಾಟಿ, ಆರ್ಪಾನೆಟ್ ದಾಟಿ, ಅಟ್ಲಾಂಟಿಕ್ ಸಾಗರದಾಚೆ ನಾರ್ವೆ ಮತ್ತು ಲಂಡನ್ ಮುಟ್ಟಿ, ಉಪಗ್ರಹದ ಮೂಲಕ ಅಮೆರಿಕಕ್ಕೆ ಮರಳಿ, ಲಾಸ್ ಏಂಜಲಿಸ್‌ ಪಕ್ಕದ ಒಂದು ಕಂಪ್ಯೂಟರಿಗೆ ಬಂದು ಸೇರಿದವು. ವ್ಯಾನಿನಿಂದ ಅಲ್ಲಿಗೆ ರಸ್ತೆಯಲ್ಲಿ ಹೋದರೆ ಕೆಲವು ನೂರು ಮೈಲಿ. ಪ್ಯಾಕೆಟ್‌ಗಳು ಸುತ್ತಿದ್ದು 94,000 ಮೈಲಿ, ಒಂದು ಬಿಟ್ ಕೂಡ ಕಳೆಯಲಿಲ್ಲ ಎಂದು ಸರ್ಫ್ ಹೆಮ್ಮೆಯಿಂದ ನೆನೆಸಿಕೊಂಡಿದ್ದಾನೆ. ಫೋರ್ಟ್ ಬ್ರ್ಯಾಗ್‌ನ 18ನೇ ಏರ್‌ಬೋರ್ನ್ ಕೋರ್ ಮುಂದೆ ಈ ರೇಡಿಯೊಗಳನ್ನು ಸೈನಿಕರ ಕೈಗೇ ಕೊಟ್ಟು ಪರೀಕ್ಷಿಸಿತು.

ಇಷ್ಟೆಲ್ಲ ನಡೆಯುವಾಗ ಒಂದು ಕೆಲಸ ಹಿಂದೆ ಬಿತ್ತು. ಸಂದೇಶವನ್ನು ಗೂಢಲಿಪಿಗೆ ತಿರುಗಿಸಿ, ಕಳಿಸಿದವರು ಯಾರೆಂದು ಖಚಿತಪಡಿಸಿಕೊಳ್ಳುವ ವ್ಯವಸ್ಥೆ ಪ್ರೋಟೊಕಾಲ್‌ನ ಬುಡದಲ್ಲೇ ಇರಬಹುದಿತ್ತು. 1970ರ ದಶಕದಲ್ಲಿ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಜೊತೆ ಸೇರಿ ಅಂಥದೊಂದು ಸುರಕ್ಷಿತ ಜಾಲದ ವಿನ್ಯಾಸದಲ್ಲಿ ತಾನು ತೊಡಗಿದ್ದಾಗಿ ಸರ್ಫ್ ಹೇಳಿದ್ದಾನೆ. ಆದರೆ ಆ ಕೆಲಸ ರಹಸ್ಯದ ಪಟ್ಟಿಯಲ್ಲಿತ್ತು. ಆರ್ಪಾನೆಟ್ ಕಟ್ಟುತ್ತಿದ್ದ ವಿದ್ಯಾರ್ಥಿಗಳಿಗೆ, ಪ್ರಾಧ್ಯಾಪಕರಿಗೆ ಅದನ್ನು ಹೇಳುವಂತಿರಲಿಲ್ಲ. ಹೀಗಾಗಿ ಜಗತ್ತಿಗೆ ದಕ್ಕಿದ್ದು ಬೀಗವಿಲ್ಲದ ಪ್ರೋಟೊಕಾಲ್. ನೆರೆಯವನು ಹೇಳಿದ್ದನ್ನು ನಂಬುವುದೇ ಅದರ ಬಲವೂ ಆಗಿತ್ತು, ದೌರ್ಬಲ್ಯವೂ ಆಗಿತ್ತು.

ಆ ದೌರ್ಬಲ್ಯ ಕಣ್ಣಿಗೆ ಬಿದ್ದದ್ದು 1980ರ ಅಕ್ಟೋಬರ್ 27ರಂದು. ಆ ದಿನ ಇಡೀ ಆರ್ಪಾನೆಟ್ ಹಲವು ಗಂಟೆ ಸ್ತಬ್ಧವಾಯಿತು. ಯಾರೂ ದಾಳಿ ಮಾಡಿರಲಿಲ್ಲ, ಯಾವ ತಂತಿಯೂ ಕಡಿದಿರಲಿಲ್ಲ. ಜಾಲದ ಪ್ರತಿಯೊಂದು ತಾಣದಲ್ಲೂ ಪ್ಯಾಕೆಟ್‌ಗಳಿಗೆ ದಾರಿ ತೋರುವ ಇಂಪ್ ಎಂಬ ಯಂತ್ರವಿತ್ತು. ಇವು ತಮ್ಮ ಲೈನುಗಳ ಸ್ಥಿತಿಗತಿಯನ್ನು ಆಗಾಗ ಎಲ್ಲ ಇಂಪ್‌ಗಳಿಗೂ ತಿಳಿಸುತ್ತಿದ್ದವು. ಯಾವ ಸುದ್ದಿ ಹಳೆಯದು, ಯಾವುದು ಹೊಸದು ಎಂದು ತಿಳಿಯಲು ಪ್ರತಿ ಸುದ್ದಿಗೂ 0ಯಿಂದ 63ರವರೆಗಿನ ಒಂದು ಕ್ರಮಸಂಖ್ಯೆ. 63 ಮುಗಿದರೆ ಮತ್ತೆ 0ಯಿಂದ ಶುರು. ಹೊಸ ಸಂಖ್ಯೆಯ ಸುದ್ದಿ ಬಂದರೆ ಇಂಪ್ ಅದನ್ನು ನಂಬಿ, ನೆರೆಯವರಿಗೆಲ್ಲ ಹಂಚುತ್ತಿತ್ತು. ಅಂದು 50ನೇ ಇಂಪ್‌ನಿಂದ ಬಂದ ಸುದ್ದಿ, ಪಕ್ಕದ 29ನೇ ಇಂಪ್‌ನ ಹಾರ್ಡ್‌ವೇರ್ ದೋಷದಿಂದ ಒಂದೊಂದೇ ಬಿಟ್ ಕಳಚಿಕೊಂಡು ಮೂರು ರೂಪ ತಾಳಿತು: 44, 40 ಮತ್ತು 8. ಗಡಿಯಾರದ ಮುಖದಂತೆ ಸುತ್ತುವ ಆ ಲೆಕ್ಕದಲ್ಲಿ 8ಕ್ಕಿಂತ 40 ಹೊಸದು, 40ಕ್ಕಿಂತ 44 ಹೊಸದು, 44ಕ್ಕಿಂತ 8 ಹೊಸದು. ಮೂರೂ ಒಂದನ್ನೊಂದು ಅಟ್ಟಿಸಿಕೊಂಡು ಜಾಲದ ತುಂಬ ತಿರುಗತೊಡಗಿದವು. ಪ್ರತಿ ಇಂಪ್‌ಗೂ ಪ್ರತಿ ಸಲವೂ ಇದು ಹೊಸ ಸುದ್ದಿ ಎಂದೇ ಅನಿಸಿತು. ಬೇರೆ ಕೆಲಸಕ್ಕೆ ಯಾವ ಇಂಪ್‌ಗೂ ಪುರಸೊತ್ತು ಉಳಿಯಲಿಲ್ಲ. ಒಂದು ಯಂತ್ರವನ್ನು ನಿಲ್ಲಿಸಿ ಮತ್ತೆ ಚಾಲೂ ಮಾಡಿದರೆ ಪಕ್ಕದ ಯಂತ್ರ ಅದೇ ಸುದ್ದಿಯನ್ನು ಮತ್ತೆ ತುಂಬುತ್ತಿತ್ತು. 50ನೇ ಇಂಪ್‌ನ ಸುದ್ದಿಯನ್ನು ನಂಬಬೇಡಿ ಎಂದು ಇಡೀ ಜಾಲದ ಯಂತ್ರಗಳಿಗೆ ತಿದ್ದುಪಡಿ ಹಾಕಿದ ಮೇಲಷ್ಟೇ ಸುಂಟರಗಾಳಿ ನಿಂತದ್ದು.

ಬಾಂಬಿಗೂ ಜಗ್ಗಬಾರದೆಂದು ಯೋಚಿಸಿದ ಮಾದರಿಯ ಜಾಲವನ್ನು ಉದುರಿಹೋದ ಎರಡು ಬಿಟ್‌ಗಳು ಮಲಗಿಸಿದ್ದವು. ಅಷ್ಟು ಹೊತ್ತಿಗೆ ಈ ಜಾಲ ಕೇವಲ ಸಂಶೋಧಕರದ್ದಾಗಿ ಉಳಿದಿರಲಿಲ್ಲ. 1975ರಲ್ಲೇ ಅದರ ಆಡಳಿತ ಡಿಫೆನ್ಸ್ ಕಮ್ಯುನಿಕೇಷನ್ಸ್ ಏಜೆನ್ಸಿಯ ಪಾಲಾಗಿತ್ತು, ಬಾರನ್ ಯಾರನ್ನು ಕಂಡು ಹೆದರಿದ್ದನೋ ಅದೇ ಏಜೆನ್ಸಿ. ಸೇನೆಯ ಎಷ್ಟೋ ಕಚೇರಿಗಳು ದಿನನಿತ್ಯದ ಕೆಲಸಕ್ಕೆ ಅದನ್ನೇ ಬಳಸುತ್ತಿದ್ದವು.

ಸೇನೆಗೆ ತನ್ನದೇ ಆದ ಹಳೆಯ ಸಂದೇಶ ವ್ಯವಸ್ಥೆ ಇರಲಿಲ್ಲವೆಂದಲ್ಲ. ಆದರೆ ಅದರ ದಾಖಲೆ ಭಯ ಹುಟ್ಟಿಸುವಂಥದ್ದು. 1967ರ ಜೂನ್ 8ರಂದು, ಅರಬ್ ಇಸ್ರೇಲ್ ಯುದ್ಧದ ನಡುವೆ, ಸಿನಾಯ್ ಕರಾವಳಿಯ ಬಳಿ ಇದ್ದ ಅಮೆರಿಕದ ಲಿಬರ್ಟಿ ಹಡಗಿಗೆ ದೂರ ಸರಿಯಬೇಕೆಂಬ ಆದೇಶಗಳು ಹೊರಟಿದ್ದವು. ಒಂದು ಸಂದೇಶ ದಾರಿ ತಪ್ಪಿ ಫಿಲಿಪ್ಪೀನ್ಸಿಗೆ ಹೋಯಿತು. ಉಳಿದವೂ ಸಕಾಲಕ್ಕೆ ಹಡಗನ್ನು ಮುಟ್ಟಲಿಲ್ಲ. ಇಸ್ರೇಲಿ ವಿಮಾನಗಳು ಮತ್ತು ಟಾರ್ಪಿಡೊ ದೋಣಿಗಳು ಎರಗಿದಾಗ ಹಡಗು ಅಲ್ಲೇ ಇತ್ತು. 34 ಜನ ಸತ್ತರು, 171 ಜನ ಗಾಯಗೊಂಡರು. ದಾಳಿ ಏಕೆ ನಡೆಯಿತೆಂಬ ವಾದ ಬೇರೆಯೇ ಇದೆ. ಆದೇಶ ಸಮಯಕ್ಕೆ ಸೇರಿದ್ದರೆ ಆ ನಾವಿಕರು ಅಲ್ಲಿ ಇರುತ್ತಿರಲಿಲ್ಲ ಎಂಬುದರಲ್ಲಿ ಎರಡು ಮಾತಿಲ್ಲ.

ಹಳೆಯದರ ಜಾಗಕ್ಕೆ ಆಟೊಡಿನ್-2 ಎಂಬ ಹೊಸ ಜಾಲವನ್ನು ಕಟ್ಟುವ ಗುತ್ತಿಗೆ ವೆಸ್ಟರ್ನ್ ಯೂನಿಯನ್ ಕಂಪನಿಗೆ ಹೋಗಿತ್ತು. ಅದೂ ಪ್ಯಾಕೆಟ್ ಸಾಗಿಸುವ ಜಾಲವೇ. ಆದರೆ ಬೆರಳೆಣಿಕೆಯ ದೊಡ್ಡ ಕೇಂದ್ರಗಳ ಮೇಲೆ ನಿಂತದ್ದು. ಆ ಕೆಲವನ್ನು ಹೊಡೆದುರುಳಿಸಿದರೆ ಎಲ್ಲವೂ ಮುಗಿಯಿತು. 1981ರಲ್ಲಿ ಏಜೆನ್ಸಿ ಎರಡು ತಂಡಗಳನ್ನು ಮಾಡಿ, ಒಂದಕ್ಕೆ ಆಟೊಡಿನ್-2ರ ಪರವಾಗಿ, ಇನ್ನೊಂದಕ್ಕೆ ಆರ್ಪಾನೆಟ್ ಮಾದರಿಯ ಪರವಾಗಿ ಯೋಜನೆ ಸಿದ್ಧಪಡಿಸಲು ಹೇಳಿತು. 1982ರ ಏಪ್ರಿಲ್‌ನಲ್ಲಿ ರಕ್ಷಣಾ ಉಪ ಕಾರ್ಯದರ್ಶಿ ಫ್ರ್ಯಾಂಕ್ ಕಾರ್ಲುಚ್ಚಿ ಆಟೊಡಿನ್-2ನ್ನು ರದ್ದು ಮಾಡಿ, ಆರ್ಪಾನೆಟ್ ತಂತ್ರಜ್ಞಾನದ ಮೇಲೆ ಡಿಫೆನ್ಸ್ ಡೇಟಾ ನೆಟ್‌ವರ್ಕ್ ಕಟ್ಟಲು ಅಪ್ಪಣೆ ಕೊಟ್ಟ. ಈ ಇಡೀ ಇತಿಹಾಸದ ನಿಜವಾದ ತಿರುವು ಇದೇ ಎಂದು ನಾನು ನಂಬಿದ್ದೇನೆ. ಪ್ರಯೋಗವೆಂದು ಶುರುವಾದದ್ದು, ಎಲ್ಲರೂ ಕೈಯಾಡಿಸಿ ಬೆಳೆಸಿದ್ದು, ರಕ್ಷಣಾ ಇಲಾಖೆಯ ಅಧಿಕೃತ ದಾರಿಯಾಯಿತು.

1983ರ ಜನವರಿ 1ರಿಂದ ಟಿಸಿಪಿ/ಐಪಿ ಬಳಸದ ಯಂತ್ರಕ್ಕೆ ಆರ್ಪಾನೆಟ್‌ನಲ್ಲಿ ಜಾಗವಿಲ್ಲ ಎಂದು ಆದೇಶವಾಗಿತ್ತು. ಬಹಳ ಜನ ಇದನ್ನು ಹಗುರವಾಗಿ ತೆಗೆದುಕೊಂಡರು. 1982ರ ನಡುವೆ ಒಂದು ದಿನ ಹಳೆಯ ಪ್ರೋಟೊಕಾಲನ್ನು ಬೇಕೆಂದೇ ನಿಲ್ಲಿಸಿ ಚುರುಕು ಮುಟ್ಟಿಸಲಾಯಿತು. ಆಮೇಲೂ ಮಲಗಿದ್ದವರಿಗಾಗಿ ಇನ್ನೊಮ್ಮೆ ಎರಡು ದಿನ ನಿಲ್ಲಿಸಿದರು. ಹೊಸ ವರ್ಷದ ಸಂಭ್ರಮ ಬಿಟ್ಟು ಯಂತ್ರಗಳ ಮುಂದೆ ಕೂತು ಈ ದಾಟುವಿಕೆಯನ್ನು ನಿಭಾಯಿಸಿದವರು, ಬದುಕುಳಿದೆವು ಎಂದು ಬರೆದ ಬಿಲ್ಲೆಗಳನ್ನು ಎದೆಗೆ ಚುಚ್ಚಿಕೊಂಡು ಓಡಾಡಿದರು.

ಎಲ್ಲರಿಗೂ ಒಂದೇ ಭಾಷೆ ಬಂದ ಮೇಲೆ ಜಾಲವನ್ನು ಎರಡು ಮಾಡುವುದು ಸುಲಭವಾಯಿತು. ಎರಡು ಮಾಡಲು ಕಾರಣವೂ ಇತ್ತು. ಮನೆಗಳಿಗೆ ಅಗ್ಗದ ಕಂಪ್ಯೂಟರು, ಮೋಡೆಮ್ ಬಂದಿದ್ದವು. ಊಹಿಸಲು ಸುಲಭವಾದ ಪಾಸ್‌ವರ್ಡುಗಳನ್ನು ಹಿಡಿದು ಹದಿಹರೆಯದ ಹುಡುಗರು ಒಳಗೆ ನುಸುಳುತ್ತಿದ್ದರು. ಏಜೆನ್ಸಿಯಲ್ಲಿ ಆರ್ಪಾನೆಟ್‌ನ ಉಸ್ತುವಾರಿ ನೋಡುತ್ತಿದ್ದ ಸೇನಾಧಿಕಾರಿ ಜೋಸೆಫ್ ಹಾಫ್ನಿ, ಅನುಮತಿ ಇಲ್ಲದವರ ಬಳಕೆ ನಿಲ್ಲಬೇಕೆಂದು ಸುತ್ತೋಲೆಗಳಲ್ಲಿ ಎಚ್ಚರಿಸುತ್ತಲೇ ಇದ್ದ. 1983ರ ಜೂನ್‌ನಲ್ಲಿ ವಾರ್‌ಗೇಮ್ಸ್ ಚಲನಚಿತ್ರ ತೆರೆಕಂಡು, ಒಬ್ಬ ಹುಡುಗ ಫೋನ್ ಲೈನಿನಿಂದ ಅಣುಯುದ್ಧದ ಅಂಚಿಗೆ ದೇಶವನ್ನು ಒಯ್ಯುವ ಕಥೆ ಜನರ ಬಾಯಲ್ಲಿತ್ತು. ಅದೇ ವರ್ಷ ಮಿಲ್ವಾಕಿಯ ಹುಡುಗರ ಗುಂಪೊಂದು ನಿಜವಾದ ಕಂಪ್ಯೂಟರುಗಳಿಗೇ ನುಗ್ಗಿ ಸಿಕ್ಕಿಬಿದ್ದಿತು.

1983ರ ಅಕ್ಟೋಬರ್‌ನಲ್ಲಿ ವಿಭಜನೆ ಜಾರಿಗೆ ಬಂತು. ಒಟ್ಟು 113 ತಾಣಗಳಲ್ಲಿ 68 ಮಿಲ್‌ನೆಟ್ ಎಂಬ ಸೇನಾ ಜಾಲಕ್ಕೆ ಹೋದವು. 45 ತಾಣಗಳು ಸಂಶೋಧನೆಗಾಗಿ ಆರ್ಪಾನೆಟ್‌ನಲ್ಲಿ ಉಳಿದವು. ಎರಡರ ನಡುವೆ ಕೆಲವು ದ್ವಾರಗಳನ್ನು ಮಾತ್ರ ಬಿಟ್ಟರು, ಅಂಚೆ ಸೇತುವೆ ಎಂಬರ್ಥದ ಹೆಸರಿಟ್ಟರು. ಬೇಕಾದಾಗ ಇಮೇಲ್ ಮಾತ್ರ ದಾಟುವಂತೆ ಬಿಗಿ ಮಾಡಬಹುದು, ಅಪಾಯ ಬಂದರೆ ಪೂರ್ತಿ ಮುಚ್ಚಬಹುದು. ಬೇಲಿಯ ಈಚೆಗೆ ಉಳಿದ ಪ್ರಾಧ್ಯಾಪಕರು ಸಮಾಧಾನಪಟ್ಟುಕೊಂಡರು. ಸೇನೆಯ ಕಾವಲಿನಿಂದ ದೂರ ಸರಿದ ಈ ಅರ್ಧವೇ ಮುಂದೆ ವಿಶ್ವವಿದ್ಯಾಲಯಗಳ ಜಾಲಗಳೊಡನೆ ಬೆರೆತು ನಾವು ಇಂದು ಇಂಟರ್ನೆಟ್ ಎನ್ನುವ ವ್ಯವಸ್ಥೆಯಾಗಿ ಹರಡಿತು. ಅದೇ ದಶಕದಲ್ಲಿ ಭಾರತದಲ್ಲಿ ಅರ್ನೆಟ್ ಯೋಜನೆ ಶುರುವಾದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಅದರಲ್ಲಿ ಪಾಲುಗೊಂಡು ಈ ಪ್ರೋಟೊಕಾಲ್‌ಗಳನ್ನು ಇಲ್ಲಿಗೆ ತಂದಿತು. ಟ್ಯಾಂಕು ಮತ್ತು ಹಡಗುಗಳಿಗಾಗಿ ಯೋಚಿಸಿದ್ದು ನಮ್ಮ ಪ್ರಯೋಗಾಲಯಗಳಿಗೆ ಬಂದದ್ದು ಹೀಗೆ.

ಬೇಲಿ ಎಷ್ಟು ಗಟ್ಟಿ ಎಂಬುದು ಮೂರು ವರ್ಷದಲ್ಲಿ ಗೊತ್ತಾಯಿತು. ಬರ್ಕ್ಲಿಯ ಲಾರೆನ್ಸ್ ಪ್ರಯೋಗಾಲಯದಲ್ಲಿ ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟೋಲ್‌ಗೆ 1986ರ ಆಗಸ್ಟ್‌ನಲ್ಲಿ ಒಂದು ಸಣ್ಣ ಕೆಲಸ ಒಪ್ಪಿಸಿದ್ದರು: ಕಂಪ್ಯೂಟರ್ ಬಳಕೆಯ ಬಿಲ್ಲಿನಲ್ಲಿ 75 ಸೆಂಟ್ ಲೆಕ್ಕ ತಾಳೆಯಾಗುತ್ತಿಲ್ಲ, ಏಕೆಂದು ನೋಡು. ಅದರ ಬೆನ್ನು ಹತ್ತಿದ ಸ್ಟೋಲ್‌ಗೆ ಯಾರೋ ಅಪರಿಚಿತ ಒಳಗೆ ಓಡಾಡುತ್ತಿರುವುದು ತಿಳಿಯಿತು. ಒಂದು ವಾರಾಂತ್ಯ ಅವನು ಸುತ್ತಮುತ್ತಲ ಕೋಣೆಗಳಿಂದ ಸುಮಾರು 50 ಪ್ರಿಂಟರು, ಟರ್ಮಿನಲ್‌ಗಳನ್ನು ಎತ್ತಿ ತಂದು, ಹೊರಗಿನಿಂದ ಬರುವ ಪ್ರತಿ ಲೈನಿಗೂ ಒಂದೊಂದನ್ನು ಜೋಡಿಸಿ, ಪಕ್ಕದಲ್ಲೇ ನೆಲದ ಮೇಲೆ ಮಲಗಿದ. ಕಳ್ಳ ಒತ್ತಿದ ಪ್ರತಿಯೊಂದು ಅಕ್ಷರವೂ ಕಾಗದದ ಮೇಲೆ ಬಂತು. ಆತ ಬರ್ಕ್ಲಿಯನ್ನು ಮೆಟ್ಟಿಲು ಮಾಡಿಕೊಂಡು ಮಿಲ್‌ನೆಟ್‌ಗೆ ಹತ್ತುತ್ತಿದ್ದ. ನಾನೂರಕ್ಕೂ ಹೆಚ್ಚು ಕಂಪ್ಯೂಟರುಗಳ ಬಾಗಿಲು ತಟ್ಟಿ ಸುಮಾರು 30ರೊಳಗೆ ಹೊಕ್ಕಿದ್ದ. ಅಲಬಾಮದ ಆನಿಸ್ಟನ್ ಸೇನಾ ಡಿಪೊ ಕೂಡ ಅವುಗಳಲ್ಲಿತ್ತು. ಕೀಲಿಯೇನೂ ಅಪರೂಪದ್ದಲ್ಲ. ಯಂತ್ರ ಮಾರಿದ ಕಂಪನಿ ಹಾಕಿಕೊಟ್ಟಿದ್ದ ಮೊದಲ ಪಾಸ್‌ವರ್ಡನ್ನೇ ಬದಲಿಸದೆ ಬಿಟ್ಟಿದ್ದ ಕಡೆ ಸಲೀಸಾಗಿ ನಡೆದು ಹೋಗಿದ್ದ.

ಕ್ಷಿಪಣಿ ರಕ್ಷಣಾ ಯೋಜನೆಯ ಬಗ್ಗೆ ಅವನ ಆಸೆ ಕಂಡ ಸ್ಟೋಲ್, ಆ ಹೆಸರಿನಲ್ಲಿ ಸುಳ್ಳು ಕಡತಗಳನ್ನು ರಾಶಿ ಹಾಕಿಟ್ಟ. ಅವನ್ನು ಇಳಿಸಿಕೊಳ್ಳುತ್ತ ಕಳ್ಳ ಹೆಚ್ಚು ಹೊತ್ತು ಲೈನಿನಲ್ಲಿದ್ದಾಗ ಜಾಡು ಪಶ್ಚಿಮ ಜರ್ಮನಿಯ ಹ್ಯಾನೋವರ್ ತಲುಪಿತು. ಆತ ಮಾರ್ಕುಸ್ ಹೆಸ್. ಕದ್ದದ್ದನ್ನು ಅವನ ಗುಂಪು ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿಗೆ ಮಾರುತ್ತಿತ್ತು. ಮೊದಮೊದಲು ಸ್ಟೋಲ್ ಎಫ್‌ಬಿಐಗೆ ಫೋನ್ ಮಾಡಿದರೆ, 75 ಸೆಂಟಿನ ಕಳ್ಳತನಕ್ಕೆ ತಲೆ ಕೆಡಿಸಿಕೊಳ್ಳುವಷ್ಟು ಆಸಕ್ತಿ ಅವರಿಗಿರಲಿಲ್ಲ. ಸೇನೆಯ ಜಾಲವನ್ನು ಕಾಪಾಡಿದ್ದು ಬೇಲಿಯಲ್ಲ, ನಕ್ಷತ್ರ ನೋಡುವ ಒಬ್ಬ ಮನುಷ್ಯನ ಹಟ.

1988ರ ನವೆಂಬರ್ 2ರ ರಾತ್ರಿ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮೋರಿಸ್ ಬಿಟ್ಟ ಹುಳು-ಪ್ರೋಗ್ರಾಂ ಸಾವಿರಾರು ಯಂತ್ರಗಳಿಗೆ ಹಬ್ಬಿತು. ಅವನ ತಂದೆ ರಾಷ್ಟ್ರೀಯ ಭದ್ರತಾ ಸಂಸ್ಥೆಯಲ್ಲಿ ಕಂಪ್ಯೂಟರ್ ಭದ್ರತೆಯ ಹಿರಿಯ ವಿಜ್ಞಾನಿ. ಮರುದಿನ ಮಿಲ್‌ನೆಟ್‌ನವರು ಅಂಚೆ ಸೇತುವೆಗಳನ್ನು ಮುಚ್ಚಿದರು. ಬೇಲಿಯನ್ನು ಇಟ್ಟದ್ದೇ ಇಂಥ ದಿನಕ್ಕಾಗಿ. ಆದರೆ ಹುಳುವಿಗೆ ಮದ್ದು ಕಂಡುಹಿಡಿಯುತ್ತಿದ್ದವರು ಬರ್ಕ್ಲಿ, ಎಂಐಟಿಯಂಥ ಬೇಲಿಯಾಚೆಯ ವಿಶ್ವವಿದ್ಯಾಲಯಗಳಲ್ಲಿದ್ದರು. ಸೇತುವೆ ಮುಚ್ಚಿದ್ದರಿಂದ ಮದ್ದೂ ದಾಟುವುದು ಕಷ್ಟವಾಯಿತು. ಆ ತಿಂಗಳೇ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ತುರ್ತು ಪರಿಹಾರ ತಂಡವೊಂದನ್ನು ಕಟ್ಟಲು ರಕ್ಷಣಾ ಇಲಾಖೆ ಹಣ ಕೊಟ್ಟಿತು. ಬೆಂಗಳೂರು, ದೆಹಲಿ ಎನ್ನದೆ ಇಂದು ಜಗತ್ತಿನೆಲ್ಲೆಡೆ ಇರುವ ಸರ್ಟ್ ತಂಡಗಳ ಮೂಲ ಅದು. 1990ರ ಫೆಬ್ರವರಿಯಲ್ಲಿ ಆರ್ಪಾನೆಟ್ ತೆರೆಮರೆಗೆ ಸರಿಯಿತು.

ಬೇರ್ಪಟ್ಟು ಉಳಿದರೂ ಹಾನಿ ತಪ್ಪದು ಎಂಬುದನ್ನು 1991ರ ಕೊಲ್ಲಿ ಯುದ್ಧ ತೋರಿಸಿತು. ರಿಯಾದ್‌ನಲ್ಲಿ ಪ್ರತಿದಿನ ಸಿದ್ಧವಾಗುತ್ತಿದ್ದ ವಾಯುದಾಳಿಯ ಆದೇಶ ನೂರಾರು ಪುಟ. ವಾಯುಪಡೆಯ ನೆಲೆಗಳಿಗೆ ಅದು ಕಂಪ್ಯೂಟರಿನಲ್ಲೇ ತಲುಪುತ್ತಿತ್ತು. ನೌಕಾಪಡೆಯ ವಿಮಾನವಾಹಕ ನೌಕೆಗಳಲ್ಲಿ ಆ ವ್ಯವಸ್ಥೆಗೆ ಹೊಂದುವ ಉಪಗ್ರಹ ಸಂಪರ್ಕ ಇರಲಿಲ್ಲ. ಹಾಗಾಗಿ ಆ ಕಟ್ಟನ್ನು ವಿಮಾನದಲ್ಲಿ ಹೊತ್ತು ದಿನವೂ ಹಡಗುಗಳಿಗೆ ಮುಟ್ಟಿಸಬೇಕಾಯಿತು. ಈ ಅನುಭವದ ನಂತರ ಸಂಪರ್ಕವೇ ಆಯುಧ ಎಂಬ ಮಾತು ಗಟ್ಟಿಯಾಯಿತು. ಅಡ್ಮಿರಲ್ ಆರ್ಥರ್ ಸೆಬ್ರೌಸ್ಕಿ ಮತ್ತು ಜಾನ್ ಗಾರ್ಸ್ಟ್ಕಾ 1998ರಲ್ಲಿ ಜಾಲಕೇಂದ್ರಿತ ಯುದ್ಧದ ಸಿದ್ಧಾಂತವನ್ನೇ ಮುಂದಿಟ್ಟರು. ಮಿಲ್‌ನೆಟ್‌ನ ಜಾಗದಲ್ಲಿ, ರಹಸ್ಯವಲ್ಲದ ಕೆಲಸಕ್ಕೆ ನಿಪ್ರ್‌ನೆಟ್, ರಹಸ್ಯದ್ದಕ್ಕೆ ಸಿಪ್ರ್‌ನೆಟ್ ಬಂದವು. ಎರಡೂ ಕಾನ್ ಮತ್ತು ಸರ್ಫ್ ಅವರ ಪ್ರೋಟೊಕಾಲನ್ನೇ ಆಡುತ್ತಿದ್ದವು. ಆದರೆ ಸಿಪ್ರ್‌ನೆಟ್‌ಗೆ ಹೊರಗಿನ ಇಂಟರ್ನೆಟ್‌ನ ಸಂಪರ್ಕವೇ ಇಲ್ಲ.

ಹಾಗೆಂದು ಸೇನೆ ನಂಬಿತ್ತು. 2008ರಲ್ಲಿ ಮಧ್ಯಪ್ರಾಚ್ಯದ ಒಂದು ನೆಲೆಯಲ್ಲಿ ಯಾರೋ ಲ್ಯಾಪ್‌ಟಾಪಿಗೆ ಚುಚ್ಚಿದ ಪೆನ್‌ಡ್ರೈವ್‌ನಿಂದ ಏಜೆಂಟ್.ಬಿಟಿಝಡ್ ಎಂಬ ಹುಳು ರಹಸ್ಯ ಜಾಲವನ್ನೂ ಹೊಕ್ಕಿತು. ಇದನ್ನು ರಕ್ಷಣಾ ಉಪ ಕಾರ್ಯದರ್ಶಿ ವಿಲಿಯಂ ಲಿನ್ 2010ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡ. ಪೆನ್‌ಡ್ರೈವ್‌ಗಳಿಗೆ ನಿಷೇಧ ಬಿತ್ತು. ಆ ಗಾಬರಿಯ ಬೆನ್ನಲ್ಲೇ ಅಮೆರಿಕದ ಸೈಬರ್ ಕಮಾಂಡ್ ಹುಟ್ಟಿತು.

ಇನ್ನೊಂದು ಪೆಟ್ಟು ಒಳಗಿನಿಂದಲೇ ಬಂತು. 2001ರ ಸೆಪ್ಟೆಂಬರ್ 11ರ ದಾಳಿಯನ್ನು ವಿಚಾರಿಸಿದ ಆಯೋಗ 2004ರಲ್ಲಿ, ಒಂದು ಇಲಾಖೆಗೆ ಗೊತ್ತಿದ್ದದ್ದು ಇನ್ನೊಂದಕ್ಕೆ ತಿಳಿಯದೇ ಹೋದದ್ದನ್ನು ಎತ್ತಿ ತೋರಿಸಿ, ಮಾಹಿತಿ ಹಂಚಿಕೊಳ್ಳಿ ಎಂದು ಹೇಳಿತ್ತು. ವಿದೇಶಾಂಗ ಇಲಾಖೆ ತನ್ನ ರಾಯಭಾರ ಕಚೇರಿಗಳ ಪತ್ರವ್ಯವಹಾರವನ್ನು ಸಿಪ್ರ್‌ನೆಟ್‌ನಲ್ಲಿ ಸೇನೆಗೂ ತೆರೆದಿಟ್ಟಿತು. ಬಾಗ್ದಾದಿನ ಪೂರ್ವಕ್ಕಿದ್ದ ಒಂದು ನೆಲೆಯಲ್ಲಿ ಗುಪ್ತಚರ ವಿಶ್ಲೇಷಣೆ ಮಾಡುತ್ತಿದ್ದ ಕಿರಿಯ ಸೈನಿಕ ಮ್ಯಾನಿಂಗ್‌ಗೂ ಅದು ಕೈಗೆಟುಕುತ್ತಿತ್ತು. ಮ್ಯಾನಿಂಗ್ ನಕಲು ಮಾಡಿ ದಾಟಿಸಿದ ಎರಡೂವರೆ ಲಕ್ಷ ಪತ್ರಗಳನ್ನು 2010ರ ನವೆಂಬರ್‌ನಲ್ಲಿ ವಿಕಿಲೀಕ್ಸ್ ಜಾಲತಾಣ ಹೊರಹಾಕಲು ಶುರುಮಾಡಿತು. ಅದರ ಬೆನ್ನಲ್ಲೇ ವಿದೇಶಾಂಗ ಇಲಾಖೆ ತನ್ನ ಪತ್ರಕೋಶವನ್ನು ಸಿಪ್ರ್‌ನೆಟ್‌ನಿಂದ ಕಡಿದು ಹಾಕಿತು.